ಹದಿಹರೆಯದವರ ಆರೋಗ್ಯ ಶಿಕ್ಷಣ (ಉಡುಪಿ ಜಿಲ್ಲೆ)

ಉಡುಪಿ ಜಿಲ್ಲೆಯ ಗ್ರಾಮೀಣ ಶಾಲಾ-ಕಾಲೇಜುಗಳಲ್ಲಿ ದೇಹದ ಬೆಳವಣಿಗೆ, ಮುಟ್ಟು, ಪೌಷ್ಟಿಕತೆ, ಮನಸ್ಸಿನ ಆರೋಗ್ಯ, ವ್ಯಸನ ಮುಂತಾದವುಗಳ ಬಗ್ಗೆ ನಡೆದುಬಂದ ಬೋಧನೆ. ಇದರ ಚರಿತ್ರೆಗೆ ಮೊದಲ ತೊಡಕು ಗಡಿಗಳದ್ದು. 1997ರವರೆಗೆ ಈ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಾಪು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಅದಕ್ಕೂ ಹಿಂದಿನ ಬರಹಗಳಲ್ಲಿ ‘ಉಡುಪಿ ತಾಲ್ಲೂಕು’ ಎಂದಿದ್ದರೆ ಕಾಪುವನ್ನೂ ಸೇರಿಸಿಕೊಳ್ಳಬೇಕು, ಕಾರ್ಕಳವನ್ನಲ್ಲ.

ಇಲ್ಲಿ ಆರೋಗ್ಯದ ಪಾಠ ಶಾಲೆಗೆ ಬಂದದ್ದು ಬಹುಮಟ್ಟಿಗೆ ತಾಯಿ-ಮಗುವಿನ ಆರೈಕೆಯ ದಾರಿಯಿಂದ. 1923ರಲ್ಲಿ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರು-ಮಕ್ಕಳಿಗಾಗಿ ಮಿಷನ್ ಆಸ್ಪತ್ರೆ ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಅದರ ಸಮುದಾಯ ವೈದ್ಯಕೀಯ ವಿಭಾಗ ಕರಾವಳಿಯ ಹಳ್ಳಿಗಳಲ್ಲಿ ಹೆರಿಗೆ ಮತ್ತು ಶಿಶುಕಲ್ಯಾಣ ಕೇಂದ್ರಗಳನ್ನು ನಡೆಸಿತು. ದಾಖಲೆಗಳಲ್ಲಿ ಹುಡುಗಿಯರೇ ಮುಂದೆ ಕಾಣುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಿರಬೇಕು.

ಹೆಚ್ಚು ಉಲ್ಲೇಖಗೊಳ್ಳುವ, ಹಾಗೆಯೇ ತಪ್ಪಾಗಿ ಓದಿಕೊಳ್ಳಬಹುದಾದ ದಾಖಲೆಯೆಂದರೆ ಇದೇ ವಿಭಾಗ 2008ರಲ್ಲಿ ಪ್ರಕಟಿಸಿದ ಅಧ್ಯಯನ. ಉಡುಪಿ ತಾಲ್ಲೂಕಿನ 791 ಗ್ರಾಮೀಣ ಹುಡುಗಿಯರಿಗೆ ಸಂತಾನೋತ್ಪತ್ತಿ ಆರೋಗ್ಯದ ಪಾಠ ಮಾಡಿ, ಮೊದಲು ಮತ್ತು ಆಮೇಲೆ ಅವರ ತಿಳಿವಳಿಕೆಯನ್ನು ಅಳೆಯಲಾಯಿತು. ಗರ್ಭನಿರೋಧದ ಅರಿವು ಶೇ. 14.4ರಿಂದ 68ಕ್ಕೆ, ಗರ್ಭಿಣಿಯ ಆಹಾರದ ಮಹತ್ವದ ಅರಿವು ಶೇ. 66ರಿಂದ 95ಕ್ಕೆ ಏರಿತು. ಶೀರ್ಷಿಕೆಯಲ್ಲಿ ಶಾಲೆಯ ಮಾತಿದೆಯಾದರೂ ಈ ಹುಡುಗಿಯರ ವಯಸ್ಸು 16ರಿಂದ 19. ಎಂದರೆ ಹೆಚ್ಚಿನವರು ಎಸ್ಸೆಸ್ಸೆಲ್ಸಿ ದಾಟಿದ ವಯಸ್ಸಿನವರು. ಎಂಟರಿಂದ ಹತ್ತನೆಯ ತರಗತಿಯವರಿಗೆ ಈ ಅಂಕಿಗಳನ್ನು ಹಾಗೆಯೇ ಹೊಂದಿಸುವಂತಿಲ್ಲ. ಅಳೆದದ್ದು ಅರಿವನ್ನೇ ಹೊರತು ನಡವಳಿಕೆಯನ್ನಲ್ಲ ಎಂಬುದನ್ನೂ ಗಮನಿಸಬೇಕು.

ಪ್ರೌಢಶಾಲೆಯ ಕಥೆ ಇಷ್ಟು ಸಲೀಸಲ್ಲ. ಕೇಂದ್ರ ಸರ್ಕಾರ 2005ರಲ್ಲಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು, ಪಠ್ಯದ ಚಿತ್ರ ಮತ್ತು ಭಾಷೆಗೆ ಆಕ್ಷೇಪ ಎದ್ದಾಗ, 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆಹಿಡಿದವು. ವಿವಾದಕ್ಕೆ ಅಷ್ಟಾಗಿ ಸಿಗದೆ ಉಳಿದದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ‘ಜೀವನ ಕೌಶಲ’ದ ಮಾದರಿ. ಇದರಲ್ಲಿ ಪಾಠ ಹೇಳುವವರು ಶಾಲೆಯ ಶಿಕ್ಷಕರೇ. ತರಬೇತಿ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಿದ 2010ರ ವರದಿಯ ಪ್ರಕಾರ ಆತ್ಮಗೌರವವೂ ಶಿಕ್ಷಕರೊಂದಿಗಿನ ಹೊಂದಾಣಿಕೆಯೂ ಸುಧಾರಿಸಿದವು. ಮನೆಯಲ್ಲಿನ ಹೊಂದಾಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮುಂದಿನ ದಶಕದಲ್ಲಿ ಪಾಠಕ್ಕಿಂತ ವಿತರಣೆಯದೇ ಸದ್ದು: ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, 2013-14ರಿಂದ ‘ಶುಚಿ’ ಯೋಜನೆಯ ಸ್ಯಾನಿಟರಿ ಪ್ಯಾಡ್. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಆಪ್ತಸಮಾಲೋಚನೆಗೆ ‘ಸ್ನೇಹ ಕ್ಲಿನಿಕ್’ಗಳೂ ಬಂದವು. 2020ರ ಫೆಬ್ರವರಿಯಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಬೋಧನೆಯ ಹೊಣೆಯನ್ನು ಮತ್ತೆ ಶಿಕ್ಷಕರಿಗೆ ವಹಿಸಿತು: 11 ವಿಷಯ, ಶಾಲೆಗೆ ಇಬ್ಬರು, ಸಾಧ್ಯವಾದಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಟೀಚರಮ್ಮ. ಮರುತಿಂಗಳೇ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದವು.