ಕಾದಂಬರಿ ಕೈಬಿಟ್ಟ ನತ್ಥು, ಕಿರುತೆರೆ ಕೈಹಿಡಿದ ನತ್ಥು

ಚಾರಿತ್ರಿಕ ಕಥೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೋಟೆ ಕೊತ್ತಲ, ಆನೆ ಕುದುರೆ, ಪೇಟ ಸುತ್ತಿದ ಮಂತ್ರಿ ಮಹೋದಯರು. ಸತ್ತ ದನದ ಚರ್ಮ ಸುಲಿದು ಹೊಟ್ಟೆ ಹೊರೆಯುವ ಬಡವನೊಬ್ಬ ಅಂಥ ಕಥೆಯ ನಾಯಕನಾದಾನೆ? ಭೀಷ್ಮ ಸಾಹನಿಯವರ ಹಿಂದೀ ಕಾದಂಬರಿ ‘ತಮಸ್’ ಇಂಥವನಿಂದಲೇ ಆರಂಭವಾಗುತ್ತದೆ. 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಗೋವಿಂದ ನಿಹಲಾನಿಯವರು ತೆರೆಗೆ ತಂದರು. 1988ರ ಆರಂಭದಲ್ಲಿ ದೂರದರ್ಶನ ಅದನ್ನು ಕಂತುಗಳಲ್ಲಿ ಪ್ರಸಾರ ಮಾಡಿತು. ಪುಸ್ತಕ ಮತ್ತು ತೆರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಒಂದೇ ಚರಿತ್ರೆಯನ್ನು ಎರಡು ಬಗೆಯಲ್ಲಿ ನೆನಪಿಡಬಹುದೆಂಬ ಮಾತು ನಮಗೆ ಮನದಟ್ಟಾಗುತ್ತದೆ.

ಮೊದಲು ಚರಿತ್ರೆಯ ಮಾತು. ದೇಶ ವಿಭಜನೆಯೆಂದರೆ 1947ರ ಆಗಸ್ಟ್ ಎಂದು ನಾವು ಶಾಲೆಯಲ್ಲಿ ಕಲಿತೆವು. ಆದರೆ ಪಂಜಾಬಿನಲ್ಲಿ ಬೆಂಕಿ ಹತ್ತಿದ್ದು ಅದಕ್ಕೂ ಐದು ತಿಂಗಳು ಮೊದಲು. ಮಾರ್ಚ್ 2ರಂದು ಖಿಜರ್ ಹಯಾತ್ ತಿವಾನಾ ಪ್ರಧಾನಿ ಪದವಿಗೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಲಾಹೋರ್, ಅಮೃತಸರ, ಮುಲ್ತಾನ್, ರಾವಲ್ಪಿಂಡಿಗಳಲ್ಲಿ ಗಲಭೆಗಳೆದ್ದವು. ರಾವಲ್ಪಿಂಡಿಯ ಸುತ್ತಲಿನ ಹಳ್ಳಿಗಳಲ್ಲಿ ಸಿಖ್ಖರ ಮತ್ತು ಹಿಂದೂಗಳ ಮನೆಗಳು ಸುಟ್ಟುಹೋದವು. ಸಾಹನಿಯವರು 1915ರಲ್ಲಿ ಹುಟ್ಟಿದ ಊರು ಅದೇ ರಾವಲ್ಪಿಂಡಿ. ಗಲಭೆಯ ಕಾಲದಲ್ಲಿ ಅವರು ಅಲ್ಲಿಯ ಕಾಂಗ್ರೆಸ್ ಕಾರ್ಯಕರ್ತರು. ಕಣ್ಣಾರೆ ಕಂಡದ್ದನ್ನು ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದಂಬರಿಯಾಗಿ ಬರೆಯಲಿಲ್ಲ.

ಬರೆಸಿದ್ದು ನಮ್ಮ ಮುಂಬಯಿಯ ನೆರೆಯ ಊರು ಭಿವಂಡಿ. 1970ರ ಮೇ ತಿಂಗಳಲ್ಲಿ ಆ ಮಗ್ಗದ ಊರಿನಲ್ಲಿ ಕೋಮು ಗಲಭೆಯಾಯಿತು. ಅಣ್ಣ, ನಟ ಬಲರಾಜ ಸಾಹನಿಯವರೊಂದಿಗೆ ಅಲ್ಲಿಗೆ ಹೋದ ಭೀಷ್ಮರಿಗೆ ಸುಟ್ಟ ಮನೆಗಳ ನಡುವಿನ ಮೌನ ರಾವಲ್ಪಿಂಡಿಯನ್ನು ನೆನಪಿಗೆ ತಂದಿತು. ಹಾಗೆ ನೋಡಿದರೆ ‘ತಮಸ್’ ಪಂಜಾಬಿನ ಕಥೆಯಾದರೂ, ಅದನ್ನು ಬರೆಯುವ ಒತ್ತಡ ಹುಟ್ಟಿದ್ದು ನಮ್ಮಲ್ಲನೇಕರು ಲೋಕಲ್ ಗಾಡಿಯಲ್ಲಿ ಓಡಾಡುವ ಈ ಪ್ರದೇಶದಲ್ಲೇ.

ಕಾದಂಬರಿಯ ಮೊದಲ ಅಧ್ಯಾಯದಲ್ಲಿ ನತ್ಥು ಎಂಬ ಚರ್ಮಕಾರ ರಾತ್ರಿಯೆಲ್ಲ ಒಂದು ಹಂದಿಯನ್ನು ಕೊಲ್ಲಲು ಹೆಣಗುತ್ತಾನೆ. ಪಶುವೈದ್ಯರಿಗೆ ಬೇಕಾಗಿದೆ ಎಂದು ಸುಳ್ಳು ಹೇಳಿ, ಐದು ರೂಪಾಯಿಯ ನೋಟನ್ನು ಕೈಗಿತ್ತು ಈ ಕೆಲಸ ಒಪ್ಪಿಸಿದವನು ಮುರಾದ್ ಅಲಿ. ಬೆಳಗಾಗುವಾಗ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲಿರುತ್ತದೆ. ಅದಕ್ಕೆ ಪ್ರತಿಯಾಗಿ ಹಸುವಿನ ಹತ್ಯೆ, ಧಾನ್ಯದ ಮಂಡಿಗೆ ಬೆಂಕಿ, ಆಮೇಲೆ ಹಳ್ಳಿ ಹಳ್ಳಿಗೂ ದಳ್ಳುರಿ. ಬರೇ ಐದು ದಿನಗಳ ಕಥೆ.

ಈ ಐದು ದಿನಗಳಲ್ಲಿ ಸಾಹನಿಯವರು ಯಾರೊಬ್ಬರ ಬೆನ್ನನ್ನೂ ಕೊನೆಯವರೆಗೆ ಹಿಡಿಯುವುದಿಲ್ಲ. ಮುಂಜಾವದ ಭಜನೆಗೆ ಹೊರಡುವ ಕಾಂಗ್ರೆಸ್ಸಿಗರು, ಕೋಳಿ ಕೊಲ್ಲುವ ಪರೀಕ್ಷೆಯಿಂದ ‘ವೀರ’ನಾಗುವ ಹುಡುಗ ರಣವೀರ, ತಕ್ಷಶಿಲೆಯ ಪ್ರಾಚೀನ ಅವಶೇಷಗಳಲ್ಲಿ ಮೈಮರೆಯುವ ಜಿಲ್ಲಾಧಿಕಾರಿ ರಿಚರ್ಡ್, ಮನೆ ಬಿಟ್ಟು ರಾತ್ರಿಯಲ್ಲಿ ನಡೆಯುವ ವೃದ್ಧ ಸಿಖ್ ದಂಪತಿಗಳು ಹರ್ನಾಮ್ ಸಿಂಗ್ ಮತ್ತು ಬಂತೋ, ಇವರೆಲ್ಲ ಬಂದು ಹೋಗುತ್ತಾರೆ. ನತ್ಥುವೂ ಹಾಗೆಯೇ. ತನ್ನ ಕೈಯಿಂದ ಆದದ್ದೇನೆಂದು ತಿಳಿದು ಬೆವರುತ್ತಾನೆ, ಹೆಂಡತಿಯ ಮುಂದೆ ಬಾಯಿ ಬಿಡುತ್ತಾನೆ, ಆಮೇಲೆ ಪುಸ್ತಕದಿಂದಲೇ ಮಾಯವಾಗುತ್ತಾನೆ. ಕೊನೆಯ ಪುಟಗಳಲ್ಲಿ ಶಾಂತಿ ಸಮಿತಿಯ ಬಸ್ಸು ಹೊರಟಾಗ ಅದರೊಳಗೆ ಕುಳಿತು ಐಕ್ಯದ ಘೋಷಣೆ ಕೂಗುವವನು ಅದೇ ಮುರಾದ್ ಅಲಿ. ಅವನನ್ನು ಗುರುತಿಸಬಲ್ಲವನು ನತ್ಥು ಒಬ್ಬನೇ. ಆ ನತ್ಥು ಆಗಲೇ ಸತ್ತಿರುತ್ತಾನೆ. ಅವನು ಸತ್ತ ಸುದ್ದಿ ನಮಗೆ ಸಿಗುವುದೂ ಹೀಗೆ, ಬೇರೆ ಮಾತಿನ ನಡುವೆ.

ನಿಹಲಾನಿ ಇದನ್ನು ಬದಲಾಯಿಸಿದರು. ಸುಮಾರು ಐದು ಗಂಟೆಗಳ ಅವರ ಚಿತ್ರದಲ್ಲಿ ಓಂ ಪುರಿಯವರ ನತ್ಥು ನಮ್ಮನ್ನು ಬಿಟ್ಟು ಹೋಗುವುದಿಲ್ಲ. ತುಂಬು ಬಸುರಿ ಕರ್ಮೋ (ದೀಪಾ ಸಾಹಿ) ಜೊತೆಗೆ, ಮುದಿತಾಯಿ ಬೆನ್ನ ಮೇಲೆ, ಅವನು ದಾರಿ ಹಿಡಿಯುತ್ತಾನೆ. ದಾರಿಯಲ್ಲಿ ವೃದ್ಧ ಸಿಖ್ ದಂಪತಿಗಳ ಜೊತೆ ಸೇರುತ್ತಾನೆ. ಹರ್ನಾಮ್ ಸಿಂಗನ ಪಾತ್ರ ಮಾಡಿದವರು ಸ್ವತಃ ಭೀಷ್ಮ ಸಾಹನಿ. ಬಂತೋ ಆಗಿ ದೀನಾ ಪಾಠಕ್. ಕಡೆಗೆ ಕರ್ಮೋ ಗಂಡನ ಹೆಣವನ್ನು ಕಾಣುತ್ತಾಳೆ. ಹುಟ್ಟಿದ ಕೂಸಿನ ಅಳುವಿನೊಂದಿಗೆ ಎರಡೂ ಕಡೆಯ ಘೋಷಣೆಗಳು ಕಿವಿಗೆ ಬೀಳುತ್ತವೆ, ಚಿತ್ರ ಮುಗಿಯುತ್ತದೆ.

ಯಾವುದು ಸರಿ? ಕಿರುತೆರೆಯ ಮುಂದೆ ವಾರಗಟ್ಟಲೆ ಕುಳಿತುಕೊಳ್ಳುವ ಪ್ರೇಕ್ಷಕನಿಗೆ ಕೈಹಿಡಿದು ನಡೆಸುವ ಒಬ್ಬ ಮನುಷ್ಯ ಬೇಕು. ಆ ದೃಷ್ಟಿಯಿಂದ ನಿಹಲಾನಿಯವರ ಬದಲಾವಣೆಯನ್ನು ನಾವು ಮೆಚ್ಚುತ್ತೇವೆ. ಪಾಪ ಮಾಡಿಸಿಕೊಂಡವನಿಗೂ ಸಂಸಾರವುಂಟು, ಅವನೂ ನಿರಾಶ್ರಿತನೇ ಎಂಬುದನ್ನು ಚಿತ್ರ ಮರೆಯಲು ಬಿಡುವುದಿಲ್ಲ. ಆದರೆ ಚರಿತ್ರೆಗೆ ಹತ್ತಿರವಾದುದು ಕಾದಂಬರಿಯೇ ಎಂದು ನಮಗೆ ತೋರುತ್ತದೆ. ಗಲಭೆಯಲ್ಲಿ ನಿಜವಾಗಿ ಆಗುವುದು ಹಾಗೆಯೇ: ಬೆಂಕಿ ಹಚ್ಚಿಸಿದವನು ಶಾಂತಿಯ ಬಸ್ಸಿನಲ್ಲಿರುತ್ತಾನೆ, ಸಾಕ್ಷಿಯಾಗಬೇಕಾದವನು ಲೆಕ್ಕಕ್ಕೂ ಸಿಗದೆ ಹೋಗಿರುತ್ತಾನೆ. ನಿರಾಶ್ರಿತರ ಶಿಬಿರದಲ್ಲಿ ಸಾಹನಿಯವರು ಒಬ್ಬ ಗುಮಾಸ್ತನನ್ನು ಕೂರಿಸಿದ್ದಾರೆ. ಎದುರಿಗೆ ನಿಂತವರು ಮನೆಯ ಕಥೆ ಹೇಳಹೊರಟರೆ ಅವನಿಗೆ ಬೇಡ, ಬೇಕಾದುದು ಅಂಕಿ. ಎಷ್ಟು ಮಂದಿ ಸತ್ತರು, ಎಷ್ಟು ನಷ್ಟವಾಯಿತು, ಅಷ್ಟೇ. ಕಾದಂಬರಿ ನತ್ಥುವನ್ನು ಆ ಅಂಕಿಯೊಳಗೆ ಕಳೆದುಹೋಗಲು ಬಿಡುತ್ತದೆ. ಕಿರುತೆರೆ ಅವನನ್ನು ಅಂಕಿಯಿಂದ ಹೊರಗೆ ಎಳೆದು ತರುತ್ತದೆ.

ಎರಡೂ ಒಂದಾಗುವ ದೃಶ್ಯವೆಂದರೆ ಬಾವಿಯದು. ಗುರುದ್ವಾರದಲ್ಲಿ ಸೇರಿದ ಸಿಖ್ ಹೆಂಗಸರು ಶತ್ರುಗಳ ಕೈಗೆ ಸಿಗಬಾರದೆಂದು ಜಸ್‌ಬೀರಳ ಹಿಂದೆ ಒಬ್ಬೊಬ್ಬರಾಗಿ ಬಾವಿಗೆ ಹಾರುತ್ತಾರೆ. ತೆರೆಯ ಮೇಲೆ ಉತ್ತರಾ ಬಾವಕರ್ ಅವರ ಜಸ್‌ಬೀರಳನ್ನು ಕಂಡವರು ಮರೆಯಲಾರರು. ಇದು ಕಲ್ಪನೆಯಲ್ಲ. 1947ರ ಮಾರ್ಚಿನಲ್ಲಿ ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಹಳ್ಳಿಯಲ್ಲಿ ಸುಮಾರು ತೊಂಬತ್ತು ಹೆಂಗಸರು ಹೀಗೆ ಪ್ರಾಣ ಬಿಟ್ಟರೆಂದು ದಾಖಲೆಯಿದೆ. ಬಹುಕಾಲ ಇದನ್ನು ಬಲಿದಾನವೆಂದೇ ಕೊಂಡಾಡಿದರು. 1998ರಲ್ಲಿ ಊರ್ವಶಿ ಬುಟಾಲಿಯಾ ಅವರ ಸಂಶೋಧನ ಗ್ರಂಥ ಬಂದ ಮೇಲೆ ಬೇರೊಂದು ದನಿಯೂ ಕೇಳಿಬಂತು. ಬಾವಿಗೆ ಹಾರಿಯೂ, ಬಾವಿ ಹೆಣಗಳಿಂದ ತುಂಬಿದ್ದರಿಂದ ಮುಳುಗದೆ ಬದುಕುಳಿದ ತಾಯಿಯೊಬ್ಬರ ಮಾತು ಅದರಲ್ಲಿದೆ. ಆ ಹೆಂಗಸರೆಲ್ಲರೂ ಮನಸಾರೆ ಹಾರಿದರೇ, ಹಾರದೆ ಬೇರೆ ದಾರಿಯಿತ್ತೇ ಎಂಬ ಪ್ರಶ್ನೆಯನ್ನು ಈಗ ನಾವು ಕೇಳಲೇಬೇಕಾಗಿದೆ. ಕಾದಂಬರಿಯೂ ಕಿರುತೆರೆಯೂ ಅಷ್ಟು ದೂರ ಹೋಗಲಿಲ್ಲ. ಆ ಕೆಲಸವನ್ನು ಚರಿತ್ರಕಾರರೇ ಮಾಡಬೇಕಾಯಿತು.

ಪುಸ್ತಕವಾಗಿದ್ದಾಗ ಪ್ರಶಸ್ತಿ ಪಡೆದ ಕೃತಿ ಮನೆ ಮನೆಯ ಕಿರುತೆರೆಗೆ ಬಂದೊಡನೆ ವಿವಾದವಾಯಿತು. ಪ್ರಸಾರ ನಿಲ್ಲಿಸಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಇಡೀ ಚಿತ್ರವನ್ನು ತಾವೇ ಕುಳಿತು ನೋಡಿ, ತಡೆಯಲು ಕಾರಣವಿಲ್ಲವೆಂದರು. ಓದು ಬರಹ ಬಾರದವರಿಗೂ ವಿವೇಕವಿರುತ್ತದೆ ಎಂಬುದು ಅವರ ತೀರ್ಪಿನ ಒಂದು ಮುಖ್ಯ ಮಾತು. 1988ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಕಾದಂಬರಿಯನ್ನು ಓದುವವರು ಸಾವಿರ, ತೆರೆಯನ್ನು ನೋಡುವವರು ಕೋಟಿ. ಹಾಗಿರುವಾಗ ಭಯ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಭಯಕ್ಕೆ ಮಣಿಯದೆ ಇದ್ದುದು ನಮ್ಮ ನ್ಯಾಯಾಂಗದ ಹಿರಿಮೆ.

ಪಂಜಾಬಿನ ಈ ಕಥೆಯಿಂದ ಹೊರನಾಡ ಕನ್ನಡಿಗರಿಗೇನು ಎಂದು ವಾಚಕರು ಕೇಳಬಹುದು. ನಿಹಲಾನಿಯವರು ಕರಾಚಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಊರು ಕಳೆದುಕೊಂಡು ಬಂದವರು. ಉಲ್ಲಾಸನಗರದ ಸಿಂಧಿಗಳು, ಸಾಯನ್ ಕೋಳಿವಾಡದ ಪಂಜಾಬಿಗಳು ನಮ್ಮ ನೆರೆಹೊರೆಯವರು. ಒಂದೇ ಅಂಗಡಿಯಲ್ಲಿ ಸಾಮಾನು ಕೊಳ್ಳುವವರು. ನಾವೂ ವಲಸೆ ಬಂದವರು, ಅವರೂ ವಲಸೆ ಬಂದವರು. ಆದರೆ ನಮ್ಮನ್ನು ಕರೆತಂದದ್ದು ಹೊಟ್ಟೆಪಾಡು, ಅವರನ್ನು ಓಡಿಸಿದ್ದು ಪ್ರಾಣಭಯ. ನಮ್ಮ ಮಕ್ಕಳಿಗೆ ಮೇ ರಜೆಯಲ್ಲಿ ಅಜ್ಜನ ಮನೆಗೆ ಹೋಗುವ ಬಸ್ಸುಂಟು, ರೈಲುಂಟು. ಅವರಿಗೆ ಊರೆಂದರೆ ಹಿರಿಯರ ಬಾಯಲ್ಲಿ ಉಳಿದ ಹೆಸರು ಮಾತ್ರ. ಈ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ‘ತಮಸ್’ ಓದಬೇಕು, ನೋಡಲೂ ಬೇಕು.

ಮೊದಲು ಓದಿ, ಆಮೇಲೆ ನೋಡಿ ಎಂಬುದು ನಮ್ಮ ಸಲಹೆ. ಓದುವಾಗ ನತ್ಥು ಎಲ್ಲಿ ಹೋದನೆಂದು ನೀವೇ ಹುಡುಕುವಿರಿ. ಹಾಗೆ ಹುಡುಕುವ ಒಬ್ಬನಾದರೂ ಇದ್ದರೆ, ಗುಮಾಸ್ತನ ಪಟ್ಟಿಯಲ್ಲಿ ಅವನು ಬರಿಯ ಅಂಕಿಯಾಗಿ ಉಳಿಯಲಾರ.