ಗ್ಲೈಫೊಸೇಟ್ ಶೇಷ ಮತ್ತು ಕಾಳಿನ ವ್ಯಾಪಾರ: ಕೆನಡಾದ ಚನ್ನಂಗಿಯ ಜಾಡಿನಲ್ಲಿ

ಚನ್ನಂಗಿ, ಅಂದರೆ ಮಸೂರದ ಗಿಡ ಒಮ್ಮೆಗೇ ಮಾಗುವುದಿಲ್ಲ. ತಳದ ಕಾಯಿ ಒಣಗಿ ಗಲಗಲ ಅನ್ನುವಾಗಲೂ ತುದಿಯಲ್ಲಿ ಹಸಿರು ಇರುತ್ತದೆ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಬೇಸಿಗೆ ಚಿಕ್ಕದು, ಸೆಪ್ಟೆಂಬರಿನಲ್ಲೇ ಹಿಮದ ಭಯ. ಗಿಡ ತಾನಾಗಿ ಒಣಗಲಿ ಎಂದು ಕಾಯುವಷ್ಟು ಪುರುಸೊತ್ತು ಅಲ್ಲಿನ ರೈತನಿಗಿಲ್ಲ.

ಅಲ್ಲಿಗೆ ಈ ಬೆಳೆ ಹೊಸತು. 1972ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯ ಸೇರಿದ ತಳಿತಜ್ಞ ಆಲ್ ಸ್ಲಿಂಕಾರ್ಡ್ 1978ರಲ್ಲಿ 'ಲೇರ್ಡ್' ತಳಿ ಬಿಡುಗಡೆ ಮಾಡಿದ ಮೇಲೆ ಅದು ಹಬ್ಬಿತು. ಬೆಳೆ ಒಣಗಿಸಲು ರೈತ ನೆಚ್ಚುವ ಗ್ಲೈಫೊಸೇಟ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು: ಮೊನ್ಸಾಂಟೊ ಕಂಪನಿಯ ಜಾನ್ ಫ್ರಾಂಜ್ ಅದರ ಕಳೆನಾಶಕ ಗುಣವನ್ನು ಗುರುತಿಸಿದ್ದು 1970ರಲ್ಲಿ, 'ರೌಂಡಪ್' ಆಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ. ಬಿತ್ತನೆಗೆ ಮುಂಚೆ ಹೊಡೆದ ಔಷಧಿ ಕಾಳಿನಲ್ಲಿ ಉಳಿಯುವುದು ತೀರಾ ಕಡಿಮೆ. ತಕರಾರು ಹುಟ್ಟಿದ್ದು ಕೊಯ್ಲಿನ ಮುನ್ನ ಹೊಡೆಯುವ ರೂಢಿಯಿಂದ. 1980ರ ಸುಮಾರಿಗೆ ಬ್ರಿಟನ್ನಿನಲ್ಲಿ ಶುರುವಾದ ಈ ಪದ್ಧತಿ ಮುಂದೆ ಕೆನಡಾದಲ್ಲೂ ನೆಲೆಯೂರಿತು. ಅಲ್ಲಿನ ಡಬ್ಬಿಯ ಮೇಲಿನ ಸೂಚನೆಯ ಪ್ರಕಾರ ಇದು ಬಹುವಾರ್ಷಿಕ ಕಳೆಯ ಮದ್ದು; ಬೆಳೆ ಒಟ್ಟಿಗೆ ಒಣಗುವುದು ಅದರ ಉಪಲಾಭ. ಯಾವುದು ಮುಖ್ಯ, ಯಾವುದು ಉಪ ಎನ್ನುವುದು ಹೊಲದವನಿಗೆ ಗೊತ್ತು.

ಈ ರಾಸಾಯನಿಕ ಎಲೆಯೊಳಗೆ ಇಳಿದು, ಗಿಡ ಸಕ್ಕರೆ ಸಾಗಿಸುವ ದಾರಿಯಲ್ಲೇ ಸಾಗುತ್ತದೆ. ಕಾಳು ಇನ್ನೂ ತುಂಬುತ್ತಿದ್ದರೆ ನೇರ ಕಾಳಿಗೇ ಹೋಗುತ್ತದೆ. ಕಾಳಿನ ತೇವಾಂಶ ಶೇ 30ಕ್ಕಿಂತ ಕೆಳಗಿಳಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಇದನ್ನು ತಿಳಿಯಲು ಗೋಧಿಯಾದರೆ ಉಗುರೊತ್ತಿ ನೋಡುತ್ತಾರೆ, ಗುರುತು ಉಳಿದರೆ ಹದ ಬಂದಂತೆ. ಚನ್ನಂಗಿಯಾದರೆ ತಳದ ಕಾಯಿ ಅಲುಗಿಸಿ ಸದ್ದು ಕೇಳುತ್ತಾರೆ. ಆದರೆ ದಿನ್ನೆಯ ಗಿಡ ಸದ್ದು ಮಾಡುವಾಗ ತಗ್ಗಿನದು ಇನ್ನೂ ಹಸಿಯಾಗಿರಬಹುದು, ಸ್ಪ್ರೇಯರ್ ಮಾತ್ರ ಇಡೀ ಹೊಲದ ಮೇಲೆ ಒಂದೇ ದಿನ ಹಾಯುತ್ತದೆ.

ಐರೋಪ್ಯ ಒಕ್ಕೂಟದಲ್ಲಿ ಚನ್ನಂಗಿಯ ಗ್ಲೈಫೊಸೇಟ್ ಶೇಷಕ್ಕಿದ್ದ ಮಿತಿ ಕಿಲೋಗೆ 0.1 ಮಿಲಿಗ್ರಾಂ. ಹೀಗೆ ಒಣಗಿಸಿದ ಕಾಳು ಅದನ್ನು ದಾಟುವುದು ಸಹಜ. ಕೊನೆಗೆ ಬದಲಾದದ್ದು ಕಾಳಲ್ಲ, ಮಿತಿ: 2012ರಲ್ಲಿ ಅದು 10 ಮಿಲಿಗ್ರಾಂಗೆ, ಅಂದರೆ ನೂರು ಪಟ್ಟು ಏರಿತು. ಇದನ್ನು ಬರೀ ಲಾಬಿಯ ಫಲವೆಂದು ತಳ್ಳಿಹಾಕುವುದು ಅವಸರದ ತೀರ್ಪಾದೀತು. ಶೇಷದ ಮಿತಿ ವಿಷದ ಗೆರೆಯಲ್ಲ. ಅನುಮತಿಸಿದ ಪ್ರಮಾಣದಲ್ಲಿ, ಅನುಮತಿಸಿದ ದಿನದಲ್ಲಿ ಹೊಡೆದರೆ ಎಷ್ಟು ಉಳಿಯುತ್ತದೆಂದು ಪ್ರಾಯೋಗಿಕ ಹೊಲಗಳಲ್ಲಿ ಅಳೆದು, ಅದು ಉಣ್ಣುವವರಿಗೆ ಸುರಕ್ಷಿತವೇ ಎಂದು ಬೇರೆಯಾಗಿ ಲೆಕ್ಕ ಹಾಕಿ ನಿಗದಿ ಮಾಡುವ ಅಂಕಿ ಅದು. ರೂಢಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಗೋಧಿಯನ್ನೇ ನೋಡಿ: ಕೆನಡಾದಲ್ಲಿ 5, ಐರೋಪ್ಯ ಒಕ್ಕೂಟದಲ್ಲಿ 10, ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನಲ್ಲಿ 30 ಮಿಲಿಗ್ರಾಂ. ಮನುಷ್ಯನ ಹೊಟ್ಟೆ ಎಲ್ಲ ಕಡೆ ಒಂದೇ.

ಆದರೆ ಕೊಳ್ಳುವವನ ಅಂಕಿ ಬೇರೆಯೇ ಇರಬಹುದು. 2015ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಗ್ಲೈಫೊಸೇಟನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿತು. ಮರುವರ್ಷ ಅದೇ ಸಂಸ್ಥೆಯ ಶೇಷ ತಜ್ಞರ ಜಂಟಿ ಸಭೆ, ಆಹಾರದ ಮೂಲಕ ಅಂಥ ಅಪಾಯ ಸಂಭವನೀಯವಲ್ಲ ಎಂದಿತು. ಈ ಎರಡನೆಯ ಮಾತು ಗ್ರಾಹಕನ ಕಿವಿಗೆ ಅಷ್ಟಾಗಿ ಬೀಳಲಿಲ್ಲ. 2016ರ ಆಗಸ್ಟ್‌ನಲ್ಲಿ ಇಟಲಿ ತನ್ನ ನೆಲದಲ್ಲಿ ಕೊಯ್ಲುಪೂರ್ವ ಬಳಕೆಯನ್ನು ನಿಷೇಧಿಸಿತು; 2018ರಿಂದ ಪಾಸ್ತಾ ಪೊಟ್ಟಣದ ಮೇಲೆ ಗೋಧಿ ಯಾವ ದೇಶದ್ದೆಂದು ಬರೆಯುವುದು ಕಡ್ಡಾಯವಾಯಿತು. ಅಲ್ಲಿನ ಪ್ರಮುಖ ಪಾಸ್ತಾ ಕಂಪನಿ ಬರಿಲ್ಲಾ ಕೇಳಿದ ಮಟ್ಟ 0.01 ಮಿಲಿಗ್ರಾಂ, ಕಾನೂನಿನ ಮಿತಿಯ ಸಾವಿರದಲ್ಲೊಂದು ಪಾಲು. ತಾನು ಹಡಗಿನಲ್ಲಿ ಕಳಿಸಿದ ಗೋಧಿ ಕಾನೂನಿಗೆ ಒಪ್ಪಿಗೆಯಾಗಿದ್ದರೂ ಕೊಳ್ಳುವವನಿಗೆ ಬೇಡವಾಗಬಹುದು ಎಂಬ ಪಾಠ ಕೆನಡಾಕ್ಕೆ ಸಿಕ್ಕಿದ್ದು ಇಲ್ಲಿ.

ನಮ್ಮ ಸಂಗತಿ ಇನ್ನೊಂದು ಬಗೆ. ಕೆನಡಾದ ಚನ್ನಂಗಿಗೆ ಭಾರತ ದೊಡ್ಡ ಗಿರಾಕಿ. ಆದರೂ ಬೇಳೆಕಾಳಿನ ಗ್ಲೈಫೊಸೇಟ್‌ಗೆ ನಮ್ಮದೇ ಮಿತಿ ಇರಲಿಲ್ಲ. 2018ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆಮದು ಕಾಳಿಗೆ ಕೋಡೆಕ್ಸ್ ಮಿತಿಯನ್ನೇ ಅನ್ವಯಿಸಲು ಹೇಳಿತು. ಚನ್ನಂಗಿಗೆ ಅದು 5 ಮಿಲಿಗ್ರಾಂ. ಆದರೆ ದೇಶದೊಳಗಿನ ಬಳಕೆಯ ಮಾತು ಬಂದಾಗ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದೇ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಹೊರತು ಇನ್ಯಾರೂ ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. ಅತ್ತ ಕೆನಡಾದಲ್ಲೂ ಚನ್ನಂಗಿಯ ಮಿತಿಯನ್ನು 4ರಿಂದ 10ಕ್ಕೆ ಏರಿಸುವ ಪ್ರಸ್ತಾವ 2021ರಲ್ಲಿ ಬಂದಿತ್ತು. ಜನ ವಿರೋಧಿಸಿದರು, ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು.