ಹೊಸ ಮತದಾರರು ಮತ್ತು ಹಳೆಯ ಪಕ್ಷ: ಬ್ರಿಟನ್ನಿನ ಲಿಬರಲ್ ಪಕ್ಷದ ಅವನತಿ

ಪ್ರಜಾಪ್ರಭುತ್ವದಲ್ಲಿ ಪಕ್ಷದ ಬಲವೆಲ್ಲ ಮತದಾರನನ್ನು ಅವಲಂಬಿಸಿದೆ. ಆದರೆ ಆ ಮತದಾರ ಸಮುದಾಯ ಎಂದಿಗೂ ಒಂದೇ ತೆರನಾಗಿ ಉಳಿಯುವುದಿಲ್ಲ. ಹಿರಿಯರು ಕಾಲವಶರಾಗುತ್ತಾರೆ, ಕಿರಿಯರು ಪ್ರಾಯಕ್ಕೆ ಬರುತ್ತಾರೆ, ಹಳ್ಳಿಯ ಜನ ಪಟ್ಟಣ ಸೇರುತ್ತಾರೆ, ನಿನ್ನೆಯವರೆಗೆ ಹಕ್ಕಿಲ್ಲದಿದ್ದವರು ಇಂದು ಹಕ್ಕು ಪಡೆಯುತ್ತಾರೆ. ಈ ಬದಲಾವಣೆ ಒಂದು ಪ್ರಬಲ ಪಕ್ಷವನ್ನು ಹೇಗೆ ಮೂಲೆಗೆ ಒತ್ತಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಲಿಬರಲ್ ಪಕ್ಷದ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ನಾವು ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಅಭ್ಯಾಸ ಮಾಡುತ್ತಿದ್ದಾಗ ಈ ಪ್ರಕರಣ ನಮ್ಮ ಮನಸ್ಸನ್ನು ಹಿಡಿದಿತ್ತು. ಅದನ್ನು ಸದ್ಭಕ್ತರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

1906ರ ಚುನಾವಣೆಯಲ್ಲಿ ಲಿಬರಲ್ ಪಕ್ಷವು ಕಾಮನ್ಸ್ ಸಭೆಯ 670 ಸ್ಥಾನಗಳಲ್ಲಿ ಸುಮಾರು 400ನ್ನು ಗೆದ್ದುಕೊಂಡಿತು. ಗ್ಲಾಡ್‌ಸ್ಟನ್‌ರಂತಹ ಧೀಮಂತರು ನಾಲ್ಕು ಬಾರಿ ಪ್ರಧಾನಮಂತ್ರಿಗಳಾಗಿ ಮುನ್ನಡೆಸಿದ ಪಕ್ಷವದು. ವೃದ್ಧಾಪ್ಯ ವೇತನವನ್ನು 1908ರಲ್ಲಿ, ರಾಷ್ಟ್ರೀಯ ವಿಮೆಯನ್ನು 1911ರಲ್ಲಿ ಶಾಸನಬದ್ಧಗೊಳಿಸಿದ್ದೂ ಅದೇ ಪಕ್ಷ. ಅಂತಹ ಪಕ್ಷವು 1924ರ ಅಕ್ಟೋಬರ್ ಚುನಾವಣೆಯಲ್ಲಿ 40 ಸ್ಥಾನಗಳಿಗೆ ಇಳಿಯಿತು. 1951ರಲ್ಲಿ ಅದಕ್ಕೆ ಉಳಿದದ್ದು ಕೇವಲ 6. ಒಂದು ತಲೆಮಾರು ಕಳೆಯುವುದರೊಳಗೆ ಇಂತಹ ಪತನ ಏಕೆ ಸಂಭವಿಸಿತು?

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಮತದಾನದ ಹಕ್ಕಿನ ವಿಸ್ತರಣೆ. ಬ್ರಿಟನ್ನಿನಲ್ಲಿ ಈ ಹಕ್ಕು ಒಮ್ಮೆಗೇ ಎಲ್ಲರಿಗೂ ಬರಲಿಲ್ಲ. 1832, 1867 ಮತ್ತು 1884ರ ಶಾಸನಗಳಿಂದ ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಆದರೂ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ವಯಸ್ಕ ಪುರುಷರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಮಾತ್ರ ಮತವಿತ್ತು. ಪಾರ್ಲಿಮೆಂಟ್ ಚುನಾವಣೆಯಲ್ಲಿ ಸ್ತ್ರೀಯರಿಗೆ ಮತವೇ ಇರಲಿಲ್ಲ. 1918ರ ಶಾಸನವು 21 ವರ್ಷ ದಾಟಿದ ಪುರುಷರಿಗೂ, ಕೆಲವು ನಿಬಂಧನೆಗಳಿಗೆ ಒಳಪಟ್ಟು 30 ವರ್ಷ ದಾಟಿದ ಸ್ತ್ರೀಯರಿಗೂ ಹಕ್ಕು ನೀಡಿತು. ಮತದಾರರ ಸಂಖ್ಯೆ ಸುಮಾರು 77 ಲಕ್ಷದಿಂದ 2 ಕೋಟಿ 14 ಲಕ್ಷಕ್ಕೆ ಏರಿತು. 1928ರಲ್ಲಿ ಸ್ತ್ರೀಯರಿಗೂ ಪುರುಷರಂತೆಯೇ 21ನೆಯ ವಯಸ್ಸಿಗೆ ಹಕ್ಕು ದೊರೆಯಿತು.

1918ರಲ್ಲಿ ಹೊಸದಾಗಿ ಮತ ಪಡೆದ ಪುರುಷರಲ್ಲಿ ಬಹುಪಾಲು ಬಡ ಕಾರ್ಮಿಕರಿದ್ದರು, ಅವರು ಸಹಜವಾಗಿ ಲೇಬರ್ ಪಕ್ಷದ ಕಡೆಗೆ ಹೋದರು, ಲಿಬರಲ್ ಪಕ್ಷ ಸೊರಗಿತು ಎಂದು ಮ್ಯಾಥ್ಯೂ, ಮ್ಯಾಕಿಬಿನ್ ಮತ್ತು ಕೇ ಎಂಬ ವಿದ್ವಾಂಸರು 1976ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಾದಿಸಿದರು. ಡಂಕನ್ ಟ್ಯಾನರ್ ಎಂಬ ಇನ್ನೊಬ್ಬ ಇತಿಹಾಸಕಾರರು ಈ ವಾದವನ್ನು ಒಪ್ಪಲಿಲ್ಲ. ಹಳೆಯ ಪಟ್ಟಿಯಿಂದ ಹೊರಗುಳಿದಿದ್ದವರು ಬಡವರು ಮಾತ್ರವಲ್ಲ, ತಂದೆತಾಯಿಗಳ ಮನೆಯಲ್ಲೇ ಇರುತ್ತಿದ್ದ ಅವಿವಾಹಿತ ತರುಣರು ಎಲ್ಲ ವರ್ಗಗಳಲ್ಲಿಯೂ ಹೊರಗುಳಿದಿದ್ದರು ಎಂಬುದು ಅವರ ಪ್ರತಿಪಾದನೆ. ಈ ವಾಗ್ವಾದದ ಸೂಕ್ಷ್ಮಗಳು ಏನೇ ಇರಲಿ, ಸಂಖ್ಯೆಯೊಂದೇ ಪಕ್ಷದ ಭವಿಷ್ಯವನ್ನು ನಿರ್ಧರಿಸುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು 1918ರಲ್ಲಿ ಅಲ್ಲ, ಅದಕ್ಕೂ ಮೂವತ್ತು ವರ್ಷ ಹಿಂದೆ ಹುಡುಕಬೇಕು.

ಲಿಬರಲ್ ಪಕ್ಷದ ತಾಯಿಬೇರು ಇದ್ದದ್ದು ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಪಂಥಗಳ ಪ್ರಾರ್ಥನಾ ಮಂದಿರಗಳಲ್ಲಿ. ಅಲ್ಲಿ ಗಿರಣಿಯ ಒಡೆಯನೂ ಗಿರಣಿಯ ಕೂಲಿಯೂ ಒಂದೇ ಸೂರಿನಡಿ ಪ್ರಾರ್ಥಿಸುತ್ತಿದ್ದರು. ಆದರೆ ಅನೇಕ ಮಂದಿರಗಳಲ್ಲಿ ಆಸನಗಳಿಗೆ ಬಾಡಿಗೆ ಇತ್ತು, ಹಣವಿದ್ದವರಿಗೆ ಒಳ್ಳೆಯ ಆಸನ ದೊರೆಯುತ್ತಿತ್ತು. ಪಕ್ಷದಲ್ಲಿಯೂ ಹಾಗೆಯೇ ನಡೆಯಿತು. 1874ರಲ್ಲಿ ಲಿಬರಲರ ಬೆಂಬಲದಿಂದ ಇಬ್ಬರು ಗಣಿ ಕಾರ್ಮಿಕ ನಾಯಕರು ಪಾರ್ಲಿಮೆಂಟನ್ನು ಪ್ರವೇಶಿಸಿದ್ದು ನಿಜ. ಆದರೆ ಅಭ್ಯರ್ಥಿಗಳನ್ನು ಆರಿಸುವ ಅಧಿಕಾರ ಊರೂರಿನ ಲಿಬರಲ್ ಸಂಘಗಳಿಗೆ ಸೇರಿತ್ತು. ಆ ಸಂಘಗಳಲ್ಲಿ ವರ್ತಕರು, ಗಿರಣಿ ಮಾಲೀಕರು, ವಕೀಲರು ಪ್ರಧಾನರಾಗಿದ್ದರು. 1911ರವರೆಗೆ ಪಾರ್ಲಿಮೆಂಟ್ ಸದಸ್ಯರಿಗೆ ವೇತನವಿರಲಿಲ್ಲ, ಚುನಾವಣೆಯ ಖರ್ಚನ್ನೂ ಅಭ್ಯರ್ಥಿಯೇ ಹೊರಬೇಕಾಗಿತ್ತು. ಕಾರ್ಮಿಕನೊಬ್ಬನನ್ನು ನಿಲ್ಲಿಸಿದರೆ ಆ ಭಾರ ಸಂಘದ ಮೇಲೆಯೇ ಬೀಳುತ್ತಿತ್ತು. ಹೀಗಾಗಿ ಕೇಂದ್ರದ ನಾಯಕರಿಗೆ ಕಾರ್ಮಿಕ ಅಭ್ಯರ್ಥಿಗಳು ಬೇಕೆನಿಸಿದರೂ ಊರಿನ ಸಂಘಗಳು ಮನಸ್ಸು ಮಾಡಲಿಲ್ಲ.

ಇಲ್ಲಿ ಮೂವರ ವೃತ್ತಾಂತವನ್ನು ಸ್ಮರಿಸಬೇಕು. ಕೀರ್ ಹಾರ್ಡಿ ಎಂಬ ಸ್ಕಾಟ್ಲೆಂಡಿನ ಗಣಿ ಕಾರ್ಮಿಕ 1888ರಲ್ಲಿ ಮಿಡ್ ಲ್ಯಾನಾರ್ಕ್ ಕ್ಷೇತ್ರದ ಉಪಚುನಾವಣೆಗೆ ಲಿಬರಲ್ ಸಂಘದ ಬೆಂಬಲವನ್ನು ಬೇಡಿದನು. ಅದು ದೊರೆಯದಿರಲು ಸ್ವತಂತ್ರನಾಗಿ ನಿಂತು 617 ಮತಗಳನ್ನು ಮಾತ್ರ ಪಡೆದು ಸೋತನು. ರಾಮ್ಸೆ ಮ್ಯಾಕ್‌ಡೊನಾಲ್ಡ್ ಎಂಬ ಬಡ ತಾಯಿಯ ಮಗ 1894ರಲ್ಲಿ ಸೌತಾಂಪ್ಟನ್ನಿನ ಲಿಬರಲ್ ಸಂಘದಿಂದ ನಿರಾಶನಾಗಿ ಮರಳಿದನು. ಆರ್ಥರ್ ಹೆಂಡರ್‌ಸನ್ ಎಂಬ ಕಬ್ಬಿಣ ಎರಕದ ಕಾರ್ಮಿಕನ ಹೆಸರು 1895ರಲ್ಲಿ ನ್ಯೂಕ್ಯಾಸಲ್ಲಿನಲ್ಲಿ ಅಭ್ಯರ್ಥಿ ಸ್ಥಾನಕ್ಕೆ ಬಂದಿತ್ತು. ಕೊನೆಗೆ ಸಂಘದ ಸಭೆಯು ಬೇರೊಬ್ಬರನ್ನು ಆರಿಸಿತು. ಇವರಾರೂ ಪಕ್ಷಕ್ಕೆ ಹೊರಗಿನವರಲ್ಲ. ಹಾರ್ಡಿ ಮತ್ತು ಹೆಂಡರ್‌ಸನ್ ಇಬ್ಬರೂ ಧರ್ಮೋಪದೇಶ ಮಾಡುತ್ತಿದ್ದ ಶ್ರದ್ಧಾವಂತರು, ಆ ಪ್ರಾರ್ಥನಾ ಮಂದಿರಗಳ ಸಂಸ್ಕಾರಕ್ಕೇ ಸೇರಿದವರು. ಪಕ್ಷವು ತನ್ನ ಮನೆಯ ಮಕ್ಕಳನ್ನೇ ಅಂಗಳದಲ್ಲಿ ನಿಲ್ಲಿಸಿತು.

ಅಂಗಳದಲ್ಲಿ ನಿಂತವರು ಬೇರೆ ಮನೆ ಕಟ್ಟಿಕೊಂಡರು. 1900ರಲ್ಲಿ ಕಾರ್ಮಿಕ ಪ್ರಾತಿನಿಧ್ಯ ಸಮಿತಿ ಸ್ಥಾಪಿತವಾಯಿತು. ಮ್ಯಾಕ್‌ಡೊನಾಲ್ಡ್ ಅದರ ಕಾರ್ಯದರ್ಶಿಯಾದರು. 1906ರಲ್ಲಿ ಅದು 29 ಸ್ಥಾನಗಳನ್ನು ಗೆದ್ದು ಲೇಬರ್ ಪಕ್ಷವೆಂಬ ಹೆಸರನ್ನು ತಳೆಯಿತು. ಹಾರ್ಡಿ ಪಾರ್ಲಿಮೆಂಟಿನಲ್ಲಿ ಅದರ ಮೊದಲ ಮುಖ್ಯಸ್ಥರಾದರು. ಆ ಗೆಲುವಿನ ಹಿಂದೆ 1903ರ ಗುಪ್ತ ಒಪ್ಪಂದವೊಂದಿತ್ತು. ಕೆಲವು ಕ್ಷೇತ್ರಗಳನ್ನು ಲೇಬರ್‌ಗೆ ಬಿಟ್ಟುಕೊಡಲು ಲಿಬರಲ್ ನಾಯಕರು ಸಮ್ಮತಿಸಿದ್ದರು. ಪಕ್ಷದೊಳಗೆ ಸ್ಥಾನ ಕೊಡಲಾಗದವರಿಗೆ ಪಕ್ಷದ ಹೊರಗೆ ಸ್ಥಾನ ಕೊಟ್ಟಂತಾಯಿತು.

ಸ್ತ್ರೀಯರ ವಿಷಯದಲ್ಲಿಯೂ ಇದೇ ತಪ್ಪು ನಡೆಯಿತು. ಲಿಬರಲ್ ಸ್ತ್ರೀಯರ ಒಕ್ಕೂಟವು 1887ರಿಂದಲೂ ಪಕ್ಷಕ್ಕಾಗಿ ದುಡಿಯುತ್ತಿತ್ತು. ಆದರೆ 1908ರಲ್ಲಿ ಪ್ರಧಾನಮಂತ್ರಿಯಾದ ಆಸ್ಕ್ವಿತ್ ಸ್ತ್ರೀಮತಾಧಿಕಾರದ ವಿರೋಧಿಯಾಗಿದ್ದರು. 1912ರಲ್ಲಿ ಲೇಬರ್ ಪಕ್ಷ ಅದನ್ನು ಬೆಂಬಲಿಸಲು, ಸ್ತ್ರೀಮತಾಧಿಕಾರ ಸಂಘಗಳ ರಾಷ್ಟ್ರೀಯ ಒಕ್ಕೂಟವು ಲೇಬರ್ ಅಭ್ಯರ್ಥಿಗಳಿಗಾಗಿ ನಿಧಿಯನ್ನೇ ಸ್ಥಾಪಿಸಿತು.

ಅಷ್ಟರಲ್ಲಿ ಯುದ್ಧ ಬಂದಿತು. 1916ರಲ್ಲಿ ಆಸ್ಕ್ವಿತ್ ಪದಚ್ಯುತರಾಗಿ ಲಾಯ್ಡ್ ಜಾರ್ಜ್ ಪ್ರಧಾನಮಂತ್ರಿಯಾದರು, ಪಕ್ಷ ಎರಡು ಹೋಳಾಯಿತು. ಇದರಿಂದಾದ ಹಾನಿ ಅಲ್ಪವಲ್ಲ. ಆದರೆ ಅದೇ ಸಮಯದಲ್ಲಿ ಹೆಂಡರ್‌ಸನ್ನರು ಮಾಡಿದ ಕೆಲಸವನ್ನು ನೋಡಬೇಕು. ಅವರು ಸಿಡ್ನಿ ವೆಬ್ಬರೊಡಗೂಡಿ ರೂಪಿಸಿದ 1918ರ ನಿಯಮಾವಳಿಯ ಪ್ರಕಾರ ಯಾವ ಸ್ತ್ರೀಪುರುಷರೇ ಆಗಲಿ ತಮ್ಮ ಕ್ಷೇತ್ರದಲ್ಲಿ ನೇರವಾಗಿ ಲೇಬರ್ ಪಕ್ಷದ ಸದಸ್ಯರಾಗಬಹುದಾಗಿತ್ತು. ಸ್ತ್ರೀಯರಿಗೆ ಪ್ರತ್ಯೇಕ ವಿಭಾಗಗಳೂ ಏರ್ಪಟ್ಟವು. ಲಕ್ಷಾಂತರ ಹೊಸ ಮತದಾರರು ಬಂದ ವರ್ಷದಲ್ಲೇ ಒಂದು ಪಕ್ಷ ಕದ ತೆರೆದು ಕಾದಿತ್ತು. ಇನ್ನೊಂದು ಪಕ್ಷದ ಒಳಗೆ ಅಣ್ಣತಮ್ಮಂದಿರ ವ್ಯಾಜ್ಯ ನಡೆದಿತ್ತು. 1923ರ ಚುನಾವಣೆಯಲ್ಲಿ ಲೇಬರ್ 191, ಲಿಬರಲ್ 158. 1924ರ ಜನವರಿಯಲ್ಲಿ ಮ್ಯಾಕ್‌ಡೊನಾಲ್ಡ್ ಪ್ರಧಾನಮಂತ್ರಿಯಾದರು, ಹೆಂಡರ್‌ಸನ್ ಗೃಹಮಂತ್ರಿಯಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಕ್ವಿತ್ ತಮ್ಮ ಪೇಸ್ಲಿ ಕ್ಷೇತ್ರವನ್ನು ಲೇಬರ್ ಅಭ್ಯರ್ಥಿಗೆ ಸೋತರು. ಒಮ್ಮೆ ಮೂರನೆಯ ಸ್ಥಾನಕ್ಕೆ ಸರಿದ ಪಕ್ಷಕ್ಕೆ ಬ್ರಿಟನ್ನಿನ ಚುನಾವಣಾ ಪದ್ಧತಿಯೂ ಕರುಣೆ ತೋರಲಿಲ್ಲ. 1929ರಲ್ಲಿ 53 ಲಕ್ಷ ಮತಗಳು ಬಿದ್ದರೂ ದೊರೆತದ್ದು 59 ಸ್ಥಾನಗಳು.

ಮತದಾರರು ಹೆಚ್ಚಿದ್ದರಿಂದಲೇ ಲಿಬರಲ್ ಪಕ್ಷ ಕುಸಿಯಿತೆನ್ನುವವರು ಕನ್ಸರ್ವೇಟಿವ್ ಪಕ್ಷದ ಇತಿಹಾಸವನ್ನೂ ಗಮನಿಸಬೇಕು. ಜನಸಾಮಾನ್ಯರಿಗೆ ಮತ ಬಂದರೆ ಮೊದಲು ಅಳಿಯುವುದು ಶ್ರೀಮಂತ ಭೂಮಾಲೀಕರ ಆ ಪಕ್ಷವೇ ಎಂದು ಹಲವರು ಭಾವಿಸಿದ್ದರು. 1867ರ ಸುಧಾರಣೆಯನ್ನು ಪ್ರತಿಭಟಿಸಿ ಕ್ರ್ಯಾನ್‌ಬೋರ್ನ್ ಪ್ರಭುಗಳು ಮಂತ್ರಿಪದವಿಗೇ ರಾಜೀನಾಮೆ ಕೊಟ್ಟರು. ಮುಂದೆ ಸಾಲ್ಸ್‌ಬರಿ ಪ್ರಭುಗಳೆಂಬ ಹೆಸರಿನಿಂದ ಅವರೇ ಮೂರು ಬಾರಿ ಪ್ರಧಾನಮಂತ್ರಿಗಳಾದರು, ಅದೂ ತಾವು ಹೆದರಿದ್ದ ಮತದಾರರ ಒಪ್ಪಿಗೆಯಿಂದಲೇ! 1883ರಲ್ಲಿ ಆ ಪಕ್ಷದ ಹಿತೈಷಿಗಳು ಸ್ಥಾಪಿಸಿದ ಪ್ರಿಮ್‌ರೋಸ್ ಲೀಗ್ ಕಾರ್ಮಿಕರನ್ನೂ ಸ್ತ್ರೀಯರನ್ನೂ ಅತ್ಯಲ್ಪ ಶುಲ್ಕಕ್ಕೆ ಸೇರಿಸಿಕೊಂಡಿತು. ಊರೂರಿನ ಅದರ ಕೂಟಗಳಲ್ಲಿ ಪ್ರಭುವಿನ ಪತ್ನಿಯೂ ಕೂಲಿಯವನೂ ಜೊತೆಗೆ ಕುಳಿತು ಚಹಾ ಕುಡಿಯುತ್ತಿದ್ದರು. ಸಮಾನತೆಯ ಸಿದ್ಧಾಂತ ಆ ಪಕ್ಷಕ್ಕೆ ಇರಲಿಲ್ಲ, ಆದರೆ ಬಂದವರನ್ನು ಬರಮಾಡಿಕೊಳ್ಳುವ ರೀತಿ ತಿಳಿದಿತ್ತು. ಸಮಾನತೆಯನ್ನು ಬೋಧಿಸಿದ ಲಿಬರಲರಿಗೆ ಆ ರೀತಿ ತಿಳಿಯದೇ ಹೋದದ್ದು ಇತಿಹಾಸದ ವಿಪರ್ಯಾಸ.

ಗೆದ್ದ ಲೇಬರ್ ಪಕ್ಷವೂ ಈ ನಿಯಮಕ್ಕೆ ಹೊರತಾಗಲಿಲ್ಲ. ಗಣಿಗಳು ಮುಚ್ಚಿದವು, ಕಾರ್ಮಿಕ ಸಂಘಗಳು ಕ್ಷೀಣಿಸಿದವು, ಪಕ್ಷದ ಬೆಂಬಲ ಮಹಾನಗರಗಳ ವಿದ್ಯಾವಂತರತ್ತ ವಾಲಿತು. 2019ರ ಚುನಾವಣೆಯಲ್ಲಿ ಬೋಲ್ಸೋವರ್, ಸೆಜ್‌ಫೀಲ್ಡ್‌ನಂತಹ ಹಳೆಯ ಗಣಿ ಪ್ರದೇಶಗಳ ಕ್ಷೇತ್ರಗಳು ಕನ್ಸರ್ವೇಟಿವರ ಪಾಲಾದವು. 2024ರಲ್ಲಿ ಲೇಬರ್ ಅಧಿಕಾರಕ್ಕೆ ಮರಳಿತು. ಲಿಬರಲರ ಪರಂಪರೆಯೂ ಪೂರ್ಣವಾಗಿ ನಶಿಸಲಿಲ್ಲ. 1988ರಲ್ಲಿ ಆ ಪಕ್ಷ ಮತ್ತೊಂದರೊಡನೆ ವಿಲೀನವಾಗಿ ಲಿಬರಲ್ ಡೆಮೊಕ್ರಾಟ್ ಪಕ್ಷವಾಯಿತು, 2024ರಲ್ಲಿ 72 ಸ್ಥಾನಗಳನ್ನು ಗೆದ್ದಿತು. ಆದರೆ ದೇಶವನ್ನು ತಾನೇ ಆಳುವ ಪಕ್ಷವೆಂಬ ಹಿರಿಮೆ ಅದಕ್ಕೆ ಮರಳಿ ಬರಲಿಲ್ಲ.

ಬ್ರಿಟನ್ 1832ರಿಂದ 1928ರವರೆಗೆ ಸುಮಾರು ನೂರು ವರ್ಷಗಳಲ್ಲಿ ಏರಿದ ಮೆಟ್ಟಿಲುಗಳನ್ನು ನಮ್ಮ ದೇಶ 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಒಂದೇ ಹೆಜ್ಜೆಗೆ ಏರಿತು. ಸ್ತ್ರೀಪುರುಷ, ಬಡವ ಬಲ್ಲಿದ ಎನ್ನದೆ 17 ಕೋಟಿಗೂ ಮೀರಿದ ಜನ ಮತದಾರರ ಪಟ್ಟಿಯಲ್ಲಿದ್ದರು. ಹೊಸದಾಗಿ ಹಕ್ಕು ಪಡೆಯಬೇಕಾದ ವರ್ಗ ಇಲ್ಲಿ ಯಾವುದೂ ಉಳಿದಿಲ್ಲ. ಆದರೂ ಪ್ರತಿ ಚುನಾವಣೆಗೂ ಹೊಸ ಪ್ರಾಯದವರು ಬರುತ್ತಾರೆ, ಮತ್ತು ಅವರು ತಂದೆಯ ಮತವನ್ನು ಆಸ್ತಿಯಂತೆ ಪಡೆದು ಬರುವುದಿಲ್ಲ.

ಪಕ್ಷವಾಗಲಿ, ಧರ್ಮಸಂಸ್ಥೆಯಾಗಲಿ, ವಿದ್ಯಾಸಂಸ್ಥೆಯಾಗಲಿ, ಹಳೆಯ ಅಭಿಮಾನಿಗಳ ಬಲದಿಂದ ಒಂದು ತಲೆಮಾರು ನಡೆಯಬಹುದು. ಎರಡನೆಯ ತಲೆಮಾರಿಗೆ ಹೊಸಬರು ಬೇಕು. ಅವರು ಬರುವುದು ಸಭೆಯ ದಿನ ಕೈಮುಗಿದು ಕರೆದಾಗಲ್ಲ. ಜವಾಬ್ದಾರಿಯನ್ನು ಕೊಟ್ಟು, ಹಿರಿಯರ ಪಕ್ಕದಲ್ಲಿ ಆಸನವನ್ನು ಕೊಟ್ಟಾಗ. ಮಿಡ್ ಲ್ಯಾನಾರ್ಕಿನ ಸಂಘದವರು 617 ಮತಗಳನ್ನು ಎಣಿಸಿ ಸಮಾಧಾನಪಟ್ಟಿರಬೇಕು. ಮೂವತ್ತಾರು ವರ್ಷಗಳ ತರುವಾಯ ಆ ಗಣಿ ಕಾರ್ಮಿಕನ ಪಕ್ಷ ದೇಶದ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ನಮ್ಮ ನಮ್ಮ ಸಂಸ್ಥೆಗಳ ಅಂಗಳದಲ್ಲಿ ಇಂದು ಯಾರು ನಿಂತಿದ್ದಾರೆ ಎಂಬುದನ್ನು ಪ್ರತಿಯೊಬ್ಬ ಸದ್ಭಕ್ತನೂ ಒಮ್ಮೆ ಹೊರಗೆ ಬಂದು ನೋಡಬೇಕು.